ಕಡಲಾಮೆ ಮರಿಗಳ ಸಮಯಕ್ಕೆ ನಮ್ಮ ಪ್ರವಾಸ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಈ ಬಾರಿ ಬಂದ ಪತ್ರಗಳಲ್ಲಿ ಕಡಲಾಮೆ ಮರಿಗಳನ್ನು ಸಮುದ್ರಕ್ಕೆ ಬಿಡುವ ವಿಷಯವನ್ನು ಕೇಳಿದವರೇ ಹೆಚ್ಚಾಗಿದ್ದರಿಂದ, ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡು ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ದಂಪತಿಗಳಿಬ್ಬರೂ ಹಾಸನದಲ್ಲಿ ಶಾಲಾ ಶಿಕ್ಷಕರು. ಆರನೆಯ ಮತ್ತು ಒಂಬತ್ತನೆಯ ತರಗತಿಯಲ್ಲಿ ಓದುವ ಇಬ್ಬರು ಮಕ್ಕಳಿದ್ದಾರೆ. ಶನಿವಾರ, ಭಾನುವಾರಗಳ ರಜೆಯಲ್ಲಿ ಕರಾವಳಿಗೆ ಹೋಗಿ ಕಡಲಾಮೆ ಮರಿಗಳನ್ನು ಬಿಡುವ ಕಾರ್ಯದಲ್ಲಿ ನೆರವಾಗಬೇಕೆಂದಿದ್ದೇವೆ. ಯಾವ ತಿಂಗಳು, ಯಾವ ಊರು, ಹೇಗೆ ಹೋಗಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಮಕ್ಕಳನ್ನು ಕರೆದುಕೊಂಡು ಹೋಗುವ ನಿಮ್ಮ ಯೋಚನೆ ನನಗೆ ಬಹಳ ಸಂತೋಷ ಕೊಟ್ಟಿತು. ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವುದು ಮುಖ್ಯವಾಗಿ ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ, ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗೆ, ಹೆಣ್ಣಾಮೆ ರಾತ್ರಿಯ ಹೊತ್ತು ದಂಡೆಗೆ ಬಂದು, ಸುಮಾರು ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೂರರಿಂದ ನೂರಿಪ್ಪತ್ತರಷ್ಟು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಮೈಭಾರದಿಂದ ಅದನ್ನು ತಟ್ಟಿ ಗಟ್ಟಿ ಮಾಡಿ ಕಡಲಿಗೆ ಮರಳುತ್ತದೆ. ಮತ್ತೆ ಅದು ಆ ಗೂಡಿನ ಕಡೆಗೆ ಬರುವುದಿಲ್ಲ. ಮರಳಿನ ಬಿಸಿಯನ್ನು ಅವಲಂಬಿಸಿ 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಆದ್ದರಿಂದ ನೀವು ಯೋಚಿಸಬೇಕಾದ ಕಾಲ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನದು.

ಆದರೆ ದಿನಾಂಕವನ್ನು ಮೊದಲು ಗೊತ್ತುಮಾಡಿ ಆಮೇಲೆ ಮರಿಗಳನ್ನು ಹುಡುಕಿಕೊಂಡು ಹೋಗಬೇಡಿ ಎಂಬುದು ನನ್ನ ಮುಖ್ಯ ಸಲಹೆ. ಕಾಫಿ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಇಂಥ ವಾರ ಬಂದೀತೆಂದು ತೋಟದವರು ಅಂದಾಜು ಮಾಡುತ್ತಾರೆಯೇ ಹೊರತು ಇಂಥ ದಿನವೇ ಬರಬೇಕೆಂದು ಪಟ್ಟು ಹಿಡಿಯುವುದಿಲ್ಲ. ಕಾವಲಿರುವ ಗೂಡುಗಳ ಬಳಿ ಮೊಟ್ಟೆಯಿಟ್ಟ ದಿನಾಂಕವನ್ನೂ ಮೊಟ್ಟೆಗಳ ಸಂಖ್ಯೆಯನ್ನೂ ಸಾಮಾನ್ಯವಾಗಿ ಬರೆದಿಟ್ಟಿರುತ್ತಾರೆ. ಜನವರಿ 25ರಂದು ಇಟ್ಟ ಮೊಟ್ಟೆಗಳಾದರೆ ಮಾರ್ಚ್ 11ರಿಂದ 26ರ ನಡುವೆ ಯಾವಾಗ ಬೇಕಾದರೂ ಮರಿಗಳು ಮೇಲೆ ಬರಬಹುದು. ಅಂದರೆ ನಿಮ್ಮ ಕೈಯಲ್ಲಿ ಎರಡೋ ಮೂರೋ ಶನಿವಾರ, ಭಾನುವಾರಗಳಷ್ಟೇ ಉಳಿಯುತ್ತವೆ, ಅವೂ ಖಚಿತವಲ್ಲ. ಹೊರಡುವುದಕ್ಕೆ ಹದಿನೈದು ದಿನ ಮುಂಚೆ ಆಯಾ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕರೆ ಮಾಡಿ, ಆ ವಾರದಲ್ಲಿ ಮರಿಯಾಗುವ ಗೂಡುಗಳಿವೆಯೇ, ಸಾರ್ವಜನಿಕರು ನೋಡಲು ಅವಕಾಶವಿದೆಯೇ ಎಂದು ಕೇಳಿ, ಹೊರಡುವ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿಕೊಳ್ಳಿ.

ಊರುಗಳ ವಿಷಯಕ್ಕೆ ಬಂದರೆ, ಒಡಿಶಾದ ಗಹಿರ್‌ಮಥಾ ಅಥವಾ ಋಷಿಕುಲ್ಯಾ ಅಳಿವೆಯಲ್ಲಿ ಲಕ್ಷಗಟ್ಟಲೆ ಆಮೆಗಳು ಒಟ್ಟಿಗೆ ಬರುವ ದೃಶ್ಯವನ್ನು ಇಲ್ಲಿ ನಿರೀಕ್ಷಿಸಬಾರದು. ನಮ್ಮಲ್ಲಿ ಒಂದೊಂದಾಗಿ, ಇಲ್ಲೊಂದು ಅಲ್ಲೊಂದು ಬರುತ್ತವೆ. ಹೊನ್ನಾವರದ ಕಾಸರಕೋಡು ಟೊಂಕ, ಕಾರವಾರದ ದೇವಬಾಗ ಮತ್ತು ಕುಂದಾಪುರದ ಕೋಡಿ ಇಂಥ ಗೂಡುಗಳಿಗೆ ಹೆಸರಾದ ದಂಡೆಗಳು. 2024ರಲ್ಲಿ ಮಂಗಳೂರಿನ ತಣ್ಣೀರುಬಾವಿ, ಸಸಿಹಿತ್ಲು ಕಡೆಯಲ್ಲಿಯೂ ಗೂಡುಗಳು ಸಿಕ್ಕಿದ್ದವು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ವೇಳಾಸ್‌ನಲ್ಲಿ ಊರಿನವರೇ ಅತಿಥಿಗಳನ್ನು ಮನೆಯಲ್ಲಿರಿಸಿಕೊಂಡು ಆಮೆಗಳ ಉತ್ಸವ ನಡೆಸುತ್ತಾರೆ. ಅದು ಒಮ್ಮೆ ನೋಡಲೇಬೇಕಾದುದು, ಆದರೆ ಹಾಸನದಿಂದ ಎರಡು ದಿನಗಳಲ್ಲಿ ಆಗುವ ಕೆಲಸವಲ್ಲ.

ಹಾಸನದವರಿಗೆ ರೈಲು ಅನುಕೂಲ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹಾಸನದ ಮೂಲಕವೇ ಹಾದು, ಸಕಲೇಶಪುರದ ಘಾಟಿ ಇಳಿದು, ಕುಂದಾಪುರ, ಹೊನ್ನಾವರಗಳಿಗೆ ಬೆಳಗಾಗುವ ಹೊತ್ತಿಗೆ ಸೇರಿಸುತ್ತದೆ. ಶುಕ್ರವಾರ ರಾತ್ರಿ ಹತ್ತಿದರೆ ಶನಿವಾರದ ಸಂಜೆ ಮತ್ತು ಭಾನುವಾರದ ನಸುಕು, ಹೀಗೆ ಎರಡು ಅವಕಾಶಗಳು ದೊರೆಯುತ್ತವೆ. ಮರಳು ತಂಪಾದ ಹೊತ್ತಿನಲ್ಲೇ ಮರಿಗಳು ಮೇಲೇಳುವುದರಿಂದ ಈ ಎರಡು ಹೊತ್ತುಗಳೇ ಮುಖ್ಯ, ನಡುಹಗಲಿನಲ್ಲಿ ದಂಡೆಯಲ್ಲಿ ಕಾಯುವುದರಿಂದ ಪ್ರಯೋಜನವಿಲ್ಲ. ವಾಪಸು ಬರುವ ರೈಲು ಹಾಸನಕ್ಕೆ ಬೆಳಗಾಗುವ ಮೊದಲೇ ತಲುಪುವುದರಿಂದ ಸೋಮವಾರ ಶಾಲೆಗೆ ಹೋಗುವ ಮಕ್ಕಳ ನಿದ್ದೆಯ ವಿಷಯವನ್ನು ಮಾತ್ರ ನೀವೇ ಯೋಚಿಸಿ.

ದಿನಾಂಕದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದ ಒಂದು ದಂಡೆಯಲ್ಲಿ ನಸುಕಿನಲ್ಲಿಯೇ ಹೊರಬಂದಿದ್ದ ಮರಿಗಳನ್ನು, ಸಂಜೆ ಬರಲಿದ್ದ ಅತಿಥಿಗಳ ಕೈಯಿಂದ ಬಿಡಿಸಬೇಕೆಂದು, ಇಡೀ ಹಗಲು ಪ್ಲಾಸ್ಟಿಕ್ ಟಬ್ಬಿನಲ್ಲಿ ಇರಿಸಿಕೊಂಡಿದ್ದರು. ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಯಲ್ಲಿ ಉಳಿದಿರುವ ಭಂಡಾರದ ಬುತ್ತಿ, ಅಂದರೆ ಹಳದಿ ಲೋಳೆಯ ಶೇಷ, ಮೊದಲ ಒಂದು ದಿನ ಎಡೆಬಿಡದೆ ಈಜಿ ಆಳದ ನೀರನ್ನು ಸೇರಿಕೊಳ್ಳುವುದಕ್ಕಾಗಿ ಇರುವಂಥದು. ಆ ಮರಿಗಳು ಅದನ್ನು ಟಬ್ಬಿನ ಗೋಡೆಗಳನ್ನು ಕೆರೆಯುತ್ತಲೇ ಮುಗಿಸಿಕೊಂಡಿದ್ದವು. ಸಂಜೆ ಮರಳಿನ ಮೇಲೆ ಬಿಟ್ಟಾಗ ಹಲವು ಮರಿಗಳು ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟವು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ನಿಮಗಾಗಿ ಮರಿಗಳನ್ನು ತಡೆದಿಟ್ಟಿರುತ್ತೇವೆ ಎಂದು ಯಾರಾದರೂ ಹೇಳಿದರೆ, ದಯವಿಟ್ಟು ಅಲ್ಲಿಗೆ ಹೋಗಬೇಡಿ. ನೀವು ತಲುಪುವ ಮೊದಲೇ ಮರಿಗಳು ಹೊರಟುಹೋಗಿದ್ದರೆ ಆ ದಂಡೆಯ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದೇ ಮಕ್ಕಳಿಗೆ ತಿಳಿಹೇಳಿ, ಮರಳಿನ ಮೇಲೆ ಉಳಿದಿರುವ ಅವುಗಳ ಪುಟ್ಟ ಜಾಡುಗಳನ್ನು ತೋರಿಸಿ.

ಪ್ರಶ್ನೆ: ಚಿಕ್ಕಮಗಳೂರಿನ ನಮ್ಮ ಯುವಕ ಸಂಘದಿಂದ ಮೂವತ್ತು ಮಂದಿ ಹೊರಡುವವರಿದ್ದೇವೆ. ಒಬ್ಬೊಬ್ಬರೂ ಒಂದೊಂದು ಮರಿಯನ್ನು ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟು ಫೋಟೋ ತೆಗೆಸಿಕೊಳ್ಳಲು ವ್ಯವಸ್ಥೆ ಆಗಬಹುದೇ?

ಉತ್ತರ: ಆಗುವುದಿಲ್ಲ, ಆಗಲೂಬಾರದು. ಕಡಲಾಮೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿಗಳು. ಅಂದರೆ ಕಾನೂನಿನ ಕಣ್ಣಿಗೆ ಹುಲಿಗೆ ಇರುವ ರಕ್ಷಣೆಯೇ ಅವುಗಳಿಗೂ, ಅವುಗಳ ಮೊಟ್ಟೆಗಳಿಗೂ ಇದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಿಡಿಯುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಮರಿಯನ್ನು ಎತ್ತಿ ನೇರವಾಗಿ ನೀರಿಗೆ ಹಾಕಿದರೆ ಅದು ಮರಳಿನ ಮೇಲೆ ತಾನೇ ನಡೆದು ದಿಕ್ಕನ್ನು ಕಂಡುಕೊಳ್ಳುವ ಹಂತವೇ ತಪ್ಪಿಹೋಗುತ್ತದೆ. ಕೈಗೆ ಹಚ್ಚಿಕೊಂಡ ಸೊಳ್ಳೆಯ ಮುಲಾಮು, ಬಿಸಿಲಿನ ಕ್ರೀಮು ಅವುಗಳ ಮೈಗೆ ತಾಗುವುದು ಬೇರೆ.

ಮೂವತ್ತು ಮಂದಿ ಒಮ್ಮೆಗೇ ದಂಡೆಗಿಳಿಯುವುದೂ ನನಗೆ ಸರಿಕಾಣುವುದಿಲ್ಲ. ನಿಮ್ಮ ಒಂದು ಹೆಜ್ಜೆಯ ಗುಳಿ ಬೆರಳುದ್ದದ ಮರಿಗೆ ಹತ್ತಲಾಗದ ಹಳ್ಳವಾಗುತ್ತದೆ, ಅದರಲ್ಲಿ ಸಿಕ್ಕಿಕೊಂಡ ಮರಿಯನ್ನು ಏಡಿಯೋ ಕಾಗೆಯೋ ಒಯ್ಯುತ್ತದೆ. ಹತ್ತು ಹತ್ತು ಜನರಾಗಿ ಬೇರೆ ಬೇರೆ ವಾರಗಳಲ್ಲಿ ಹೋಗಿ, ಸಿಬ್ಬಂದಿ ಎಳೆದ ಗೆರೆಯ ಹಿಂದೆ, ಮರಿಗಳ ಬೆನ್ನ ಕಡೆಗೆ ನಿಲ್ಲಿ. ಕಡಲಿಗೂ ಮರಿಗಳಿಗೂ ನಡುವೆ ಯಾರೂ ಇರಬಾರದು. ಮೊಬೈಲಿನ ಫ್ಲ್ಯಾಶ್ ಮತ್ತು ಟಾರ್ಚ್ ಆರಿಸಿಡಿ, ಏಕೆಂದರೆ ಬೆಳಕಿನ ಕಡೆಗೆ ತಿರುಗುವುದು ಮರಿಗಳ ಹುಟ್ಟುಗುಣ. ಸೂರ್ಯ ಮುಳುಗುವ ಮುಂಚಿನ ಸಹಜ ಬೆಳಕಿನಲ್ಲಿ ದೂರದಿಂದ ತೆಗೆದ ಒಂದು ಚಿತ್ರ ಇಡೀ ಸಂಘಕ್ಕೆ ಸಾಕು.

ಯುವಕರ ಕೈಬಲ ಬೇಕಾದ ಕೆಲಸಗಳು ಬೇರೆಯೇ ಇವೆ. ಹರಿದ ಬಲೆಯ ತುಂಡುಗಳು ಅಲೆಗಳ ಜೊತೆ ಬಂದು ಮರಳಿನಲ್ಲಿ ಅರ್ಧ ಹೂತಿರುತ್ತವೆ. ಅವನ್ನು ಅಗೆದು ತೆಗೆಯುವುದು ಇಬ್ಬರು ಮೂವರಿಂದಾಗುವ ಕೆಲಸವಲ್ಲ. ಗೂಡಿಗೆ ಹೋಗುವ ದಾರಿಯಲ್ಲಿರುವ ಬಾಟಲಿ, ದಿಮ್ಮಿಗಳನ್ನು ತೆರವು ಮಾಡುವುದು, ಗಸ್ತಿನವರೊಡನೆ ನಸುಕಿನಲ್ಲಿ ನಡೆದು ರಾತ್ರಿ ಬಂದ ತಾಯಾಮೆಯ ಜಾಡು ಹುಡುಕುವುದು, ಇವುಗಳಿಗೆ ಅವಕಾಶವಿದೆಯೇ ಎಂದು ಮೊದಲೇ ಕೇಳಿಕೊಂಡು ಹೋಗಿ.

ಪ್ರಶ್ನೆ: ನಾನು ಮೂಡಿಗೆರೆಯ ಕಡೆಯ ಎಪ್ಪತ್ತು ದಾಟಿದ ಹೆಂಗಸು. ಆಮೆಗಳು ಎಷ್ಟೋ ಕಾಲದಿಂದ ತಾವೇ ಮೊಟ್ಟೆಯಿಟ್ಟು ತಾವೇ ಮರಿಯಾಗಿ ಬದುಕಿಲ್ಲವೇ? ಮನುಷ್ಯರು ನಡುವೆ ಕೈಹಾಕುವುದೇಕೆ?

ಉತ್ತರ: ಅಮ್ಮಾ, ನಿಮ್ಮ ಪ್ರಶ್ನೆಯನ್ನು ಈ ಕೆಲಸ ಮಾಡುವವರು ಕೂಡ ಪ್ರತಿವರ್ಷ ತಮಗೆ ತಾವೇ ಕೇಳಿಕೊಳ್ಳಬೇಕು. ದಂಡೆ ಹಿಂದಿನಂತೆ ಇದ್ದಿದ್ದರೆ ಕೈಹಾಕುವ ಅಗತ್ಯ ಇರುತ್ತಿರಲಿಲ್ಲ. ಈಗ ಬೀದಿನಾಯಿಗಳು ಗೂಡು ಕೆದಕುತ್ತವೆ, ಮೊಟ್ಟೆ ಕದಿಯುವವರಿದ್ದಾರೆ, ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳ ಆಚೆಗೆ ತಾಯಾಮೆ ಹತ್ತಿ ಬರಲಾಗದೆ ಅಲೆಗೆ ಸಿಗುವಷ್ಟು ಕೆಳಗೇ ಮೊಟ್ಟೆಯಿಡುತ್ತದೆ. ಸಾಧ್ಯವಾದ ಕಡೆಯೆಲ್ಲ ಗೂಡನ್ನು ಅದಿರುವ ಜಾಗದಲ್ಲೇ ಬಿಟ್ಟು ಸುತ್ತ ಬಲೆಯ ಬೇಲಿ ಕಟ್ಟಿ ಕಾಯುವುದು ಒಳ್ಳೆಯದೆಂಬ ನಿಮ್ಮ ಮನಸ್ಸಿನ ಮಾತನ್ನು ನಾನೂ ಒಪ್ಪುತ್ತೇನೆ. ತೀರ ಅಪಾಯದಲ್ಲಿರುವ ಗೂಡನ್ನು ಮಾತ್ರ, ಅದೂ ಮೊಟ್ಟೆಯಿಟ್ಟ ಕೆಲವೇ ಗಂಟೆಗಳೊಳಗೆ, ಮೊಟ್ಟೆಗಳನ್ನು ಉರುಳಿಸದೆ ಬೇರೆಡೆಗೆ ಸಾಗಿಸುತ್ತಾರೆ. ತಡವಾದ ಮೇಲೆ ಮೊಟ್ಟೆ ಮಗುಚಿದರೆ ಒಳಗಿನ ಭ್ರೂಣ ಸಾಯುತ್ತದೆ. ಹೊಸ ಗೂಡಿನ ಬಿಸಿಯನ್ನೂ ನೋಡಿಕೊಳ್ಳಬೇಕಾಗುತ್ತದೆ. ಮರಳಿನ ಉಷ್ಣತೆ ಸುಮಾರು 29, 30 ಡಿಗ್ರಿಗಿಂತ ಮೇಲಿದ್ದರೆ ಹೆಣ್ಣು, ಕೆಳಗಿದ್ದರೆ ಗಂಡು ಹುಟ್ಟುವುದು ಹೆಚ್ಚು. ಬೇಸಿಗೆ ಬಲವಾಗುತ್ತಿರುವ ಈ ವರ್ಷಗಳಲ್ಲಿ ಕೆಲವೆಡೆ ಗೂಡುಗಳ ಮೇಲೆ ನೆರಳಿಗೆ ಚಪ್ಪರ ಹಾಕುವುದು ಇದಕ್ಕಾಗಿಯೇ. ನೂರು ಮರಿ ಕಡಲು ಸೇರಿದರೂ ದೊಡ್ಡದಾಗುವುದು ಒಂದೂ ಇಲ್ಲದಿರಬಹುದು, ಸಾವಿರಕ್ಕೊಂದು ಎಂದು ಬಲ್ಲವರು ಅಂದಾಜು ಮಾಡುತ್ತಾರೆ. ಮೀನಿನ ಬಲೆಗೆ ಸಿಕ್ಕು ಉಸಿರುಗಟ್ಟಿ ಸಾಯುವ ದೊಡ್ಡ ಆಮೆಗಳನ್ನು ಉಳಿಸದೆ ಮರಿಗಳನ್ನಷ್ಟೇ ಬಿಡುತ್ತ ಹೋದರೆ ಸಾಲದೆಂಬುದೂ ನಿಜ. ದೋಣಿ ಕಡಲಿನಲ್ಲಿ ಎಳೆದುಕೊಂಡು ಹೋಗುವ ಟ್ರಾಲ್ ಬಲೆಗೆ ಆಮೆ ಹೊರಹೋಗುವ ಕಿಂಡಿಯ ಚೌಕಟ್ಟನ್ನು ಜೋಡಿಸುವ ಕ್ರಮ ಇದೆ, ಅದು ಎಲ್ಲ ದೋಣಿಗಳಲ್ಲೂ ಬರಬೇಕು.

ಪ್ರಶ್ನೆ: ನಾನು ಸಕಲೇಶಪುರದಲ್ಲಿ ಎಂಟನೆಯ ತರಗತಿ ಓದುತ್ತಿದ್ದೇನೆ. ತಾಯಿ ಹತ್ತಿರ ಇಲ್ಲದಿದ್ದರೂ ಮರಿಗೆ ಸಮುದ್ರ ಯಾವ ಕಡೆ ಇದೆ ಎಂದು ಹೇಗೆ ಗೊತ್ತಾಗುತ್ತದೆ? ಈ ವರ್ಷ ನಮ್ಮ ಮನೆಯಲ್ಲಿ ಕರೆದುಕೊಂಡು ಹೋಗುವುದಿಲ್ಲ ಎಂದಿದ್ದಾರೆ. ಇಲ್ಲಿಂದಲೇ ನಾನು ಏನಾದರೂ ಮಾಡಬಹುದೇ?

ಉತ್ತರ: ಮಗು, ರಾತ್ರಿಯ ಹೊತ್ತು ದಂಡೆಯ ಹಿಂದಿನ ಗಾಳಿಮರ, ತೆಂಗಿನ ಮರಗಳು ಕಪ್ಪಾಗಿ ಎತ್ತರವಾಗಿ ಕಾಣುತ್ತವೆ, ಕಡಲಿನ ಕಡೆಯ ಆಕಾಶ ಕೆಳಮಟ್ಟದಲ್ಲಿ ಬೆಳ್ಳಗಿರುತ್ತದೆ. ಮರಿ ಆ ತಗ್ಗಿನ ಬೆಳಕಿನ ಕಡೆಗೆ ನಡೆಯುತ್ತದೆ. ನೀರಿಗಿಳಿದ ಮೇಲೆ ಅಲೆಗಳಿಗೆ ಎದುರಾಗಿ ಈಜುತ್ತದೆ, ಇನ್ನೂ ಮುಂದೆ ಭೂಮಿಯ ಕಾಂತಗುಣವೇ ಅದಕ್ಕೆ ದಿಕ್ಸೂಚಿ. ತಾನು ಹುಟ್ಟಿದ ಕರಾವಳಿಯ ಗುರುತನ್ನು ಹೀಗೆಯೇ ನೆನಪಿನಲ್ಲಿಟ್ಟುಕೊಂಡು, ಹತ್ತು ಹದಿನೈದು ವರ್ಷಗಳ ನಂತರ ಹೆಣ್ಣಾಮೆ ಮೊಟ್ಟೆಯಿಡಲು ಅದೇ ಕರಾವಳಿಯ ಕಡೆಗೆ ಬರುತ್ತದೆ.

ನೀನು ಇರುವ ಊರಿನಿಂದ ಮಾಡಬಹುದಾದದ್ದು ಖಂಡಿತ ಇದೆ. ಸಕಲೇಶಪುರ ಪೇಟೆಯ ಪಕ್ಕದಲ್ಲಿ ಹರಿಯುವ ಹೇಮಾವತಿ ಪೂರ್ವಕ್ಕೆ ಹೋಗಿ ಕಾವೇರಿಯನ್ನು ಸೇರುತ್ತದೆ. ಆದರೆ ಶಿರಾಡಿ ಘಾಟಿಯ ರಸ್ತೆಯ ಮಗ್ಗುಲಲ್ಲಿ ಹರಿಯುವ ಕೆಂಪುಹೊಳೆಯ ನೀರು ಕುಮಾರಧಾರೆಗೂ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೂ ಸೇರಿ, ಮಂಗಳೂರಿನ ಅಳಿವೆಯಲ್ಲಿ ಕಡಲಿಗೆ ಬೀಳುತ್ತದೆ. ಘಾಟಿಯಲ್ಲಿ ವಾಹನ ನಿಲ್ಲಿಸಿ ತಿಂಡಿ ತಿಂದವರು ಎಸೆದ ಪ್ಲಾಸ್ಟಿಕ್ ಚೀಲ ಮಳೆಗಾಲದಲ್ಲಿ ಇದೇ ದಾರಿಯಲ್ಲಿ ಇಳಿಯುತ್ತದೆ. ನೀರಿನಲ್ಲಿ ತೇಲುವ ಚೀಲವನ್ನು ಕಡಲಾಮೆಗಳು ಜೆಲ್ಲಿ ಮೀನೆಂದು ತಿಳಿದು ನುಂಗುತ್ತವೆ. ನಿನ್ನ ಶಾಲೆಯ ಶಿಕ್ಷಕರನ್ನು ಕೇಳಿಕೊಂಡು, ಮೇ ತಿಂಗಳ ಕೊನೆಯಲ್ಲಿ ಮಳೆ ಹಿಡಿಯುವುದಕ್ಕೆ ಮುಂಚೆ, ದೊಡ್ಡವರ ಜೊತೆಯಲ್ಲಿ ಹೊಳೆಯ ಬದಿಯ ಕಸ ಹೆಕ್ಕುವ ಒಂದು ದಿನವನ್ನು ಗೊತ್ತುಮಾಡಿಕೊಳ್ಳಬಹುದು. ಕೈಗವಸು ಮತ್ತು ಗೋಣಿಚೀಲ ಇರಲಿ. ಘಾಟಿಯ ತಿರುವುಗಳಲ್ಲಿ ಲಾರಿಗಳು ಹೆಚ್ಚಾಗಿರುವುದರಿಂದ ರಸ್ತೆಯಂಚಿನಲ್ಲಿ ಮಕ್ಕಳು ನಿಲ್ಲುವುದು ಬೇಡ, ಹೊಳೆಗೆ ಇಳಿಯಲು ಸಮತಟ್ಟಾದ ಜಾಗವಿರುವ ಕಡೆಯನ್ನೇ ಆರಿಸಿಕೊಳ್ಳಿ.