ಸೂಪರ್‌ಮಾರ್ಕೆಟ್‌ನಲ್ಲಿ ಕೈಗೆತ್ತಿಕೊಂಡು ಆಮೇಲೆ ಬೇಡವೆನಿಸಿದ ಸಾಮಾನನ್ನು ಸಿಕ್ಕ ಕಪಾಟಿನಲ್ಲಿ ಬಿಟ್ಟುಬರುವುದು ಅಷ್ಟು ದೊಡ್ಡ ತಪ್ಪೇ?

ಸಾಮಾನು ಯಾವುದು ಎಂಬುದನ್ನು ನೋಡಬೇಕು. ಸೋಪನ್ನು ಬಿಸ್ಕತ್ತಿನ ಸಾಲಿನಲ್ಲಿ ಬಿಟ್ಟರೆ ಸಿಬ್ಬಂದಿಗೆ ಓಡಾಟ ಹೆಚ್ಚುತ್ತದೆ, ಅಷ್ಟೇ. ಹಾಲು, ಮಾಂಸ, ಮೀನಿನ ವಿಷಯ ಹಾಗಲ್ಲ. ಅಲ್ಲಿ ಇದು ನಿಜಕ್ಕೂ ದೊಡ್ಡ ತಪ್ಪು. ಇವು ಸುಮಾರು 5 ಡಿಗ್ರಿ ಸೆಲ್ಸಿಯಸ್‌ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿರಬೇಕು. ಬೆಚ್ಚಗಾದಂತೆ ಬ್ಯಾಕ್ಟೀರಿಯಾಗಳು ವೇಗವಾಗಿ ಹೆಚ್ಚುತ್ತವೆ. 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗಿದ್ದದ್ದನ್ನು ಎಸೆಯಬೇಕೆಂಬುದು ಆಹಾರ ಸುರಕ್ಷತೆಯ ಸಾಮಾನ್ಯ ಸೂತ್ರ. ನೀವು ಯಾವಾಗ ಇಟ್ಟು ಹೋದಿರೆಂದು ಅಂಗಡಿಯವರಿಗೆ ತಿಳಿಯುವುದಾದರೂ ಹೇಗೆ? ಚೆನ್ನಾಗಿದ್ದ ಆಹಾರ ಕಸಕ್ಕೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಯಾರೋ ಒಳ್ಳೆಯ ಮನಸ್ಸಿನಿಂದ ಅದನ್ನು ಮತ್ತೆ ಫ್ರಿಜ್‌ನೊಳಗೆ ಇಡುವುದು. ತಂಪು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ಅವನ್ನು ಕೊಲ್ಲುವುದಿಲ್ಲ. ಏನೂ ಅರಿಯದೆ ಕೊಂಡೊಯ್ದವರ ಆರೋಗ್ಯ ಕೆಡಬಹುದು.

ಹಿಂದಿರುಗಿ ಹೋಗಿ ಇಡಲು ಪುರುಸೊತ್ತಿಲ್ಲದಿದ್ದರೆ ಬಿಲ್ ಮಾಡುವವರ ಕೈಗೆ ಕೊಟ್ಟು, "ಇದು ಬೇಡ, ಫ್ರಿಜ್‌ನಿಂದ ತೆಗೆದದ್ದು" ಎಂದು ಹೇಳಿ. ಸಂಕೋಚವೇಕೆ? ಬೇಡ ಎನ್ನುವುದು ಗ್ರಾಹಕರ ಹಕ್ಕು, ಮುಚ್ಚಿಟ್ಟು ಹೋಗುವುದು ಹಕ್ಕಲ್ಲ.

ಮೊಟ್ಟೆಯ ಪೆಟ್ಟಿಗೆ ತೆರೆದು ಒಡಕು ನೋಡುವುದೂ ತಪ್ಪಲ್ಲ. ಆದರೆ ಒಡೆದದ್ದನ್ನು ಪಕ್ಕದ ಪೆಟ್ಟಿಗೆಯ ಮೊಟ್ಟೆಯೊಂದಿಗೆ ಅದಲುಬದಲು ಮಾಡಬೇಡಿ. ಪೆಟ್ಟಿಗೆಯ ಮೇಲಿನ ದಿನಾಂಕ ಒಳಗಿನ ಮೊಟ್ಟೆಗಳಿಗೆ ಹೊಂದದೇ ಹೋಗಬಹುದು, ಒಡಕು ಮೊಟ್ಟೆ ಇನ್ನೊಬ್ಬರ ಪಾಲಾಗುತ್ತದೆ. ಇಡೀ ಪೆಟ್ಟಿಗೆಯನ್ನೇ ಬಿಟ್ಟು ಬೇರೆಯದನ್ನು ತೆಗೆದುಕೊಳ್ಳಿ, ಒಡೆದಿರುವುದನ್ನು ಸಿಬ್ಬಂದಿಗೆ ತೋರಿಸಿ.