ನೊಬೆಲ್ ಬಂದ ಮೇಲೆ ಕಾರ್ಲ್ ವೈಮನ್ ಬೋಧನಾ ಸಂಶೋಧನೆಯಲ್ಲಿ ಮಾಡಿದ್ದೇನು?

ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್‌ಗಾಗಿ (ಪರಮಾಣುಗಳನ್ನು ವಿಪರೀತ ತಣ್ಣಗಾಗಿಸಿದಾಗ ಸಿಗುವ ದ್ರವ್ಯದ ಒಂದು ಸ್ಥಿತಿ) 2001ರ ಭೌತವಿಜ್ಞಾನ ನೊಬೆಲ್ ಹಂಚಿಕೊಂಡ ವೈಮನ್‌ ಅವರಿಗೆ ಅದಕ್ಕೂ ಮೊದಲೇ ಒಂದು ಪ್ರಶ್ನೆ ಕಾಡುತ್ತಿತ್ತು: ವರ್ಷಗಟ್ಟಲೆ ಒಳ್ಳೆ ಅಂಕ ತೆಗೆದವರು ಪಿಎಚ್‌ಡಿಗೆಂದು ಲ್ಯಾಬಿಗೆ ಬಂದಾಗ ಏನೂ ತೋಚದೆ ತಡಕಾಡುವುದೇಕೆ? 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 'ಫೆಟ್' (PhET) ಯೋಜನೆ ಶುರು ಮಾಡಿದರು; ಕಂಪ್ಯೂಟರಿನಲ್ಲೇ ಪ್ರಯೋಗ ಮಾಡಿ ನೋಡುವ ಸಿಮ್ಯುಲೇಶನ್‌ಗಳು ಇದರಲ್ಲಿವೆ. ಆಮೇಲೆ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, 2013ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದರು.

ಫೆಟ್‌ನ ಸರ್ಕ್ಯೂಟ್ ಕಿಟ್ ನೋಡಿ. ಮೊದಲ ಬಲ್ಬು ಕರೆಂಟನ್ನು 'ತಿಂದುಬಿಡುತ್ತದೆ' ಎಂದು ಮಕ್ಕಳು ನಂಬಿರುತ್ತಾರೆ. ಸರಣಿಯಲ್ಲಿ ಎರಡನೇ ಬಲ್ಬು ಸೇರಿಸಿದರೆ ಇಡೀ ಸುತ್ತಿನ ನೀಲಿ ಎಲೆಕ್ಟ್ರಾನುಗಳು ಒಟ್ಟಿಗೇ ನಿಧಾನವಾಗುವುದು ಕಣ್ಣಿಗೆ ಕಾಣುತ್ತದೆ. ನಿಜವಾದ ತಂತಿಯಲ್ಲಿ ಇದು ಕಾಣುವುದಿಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು ಬಳಸಿದವರು, ಲ್ಯಾಬಿನ ನಿಜ ಉಪಕರಣ ಬಳಸಿದವರಿಗಿಂತ, ನಿಜವಾದ ಸರ್ಕ್ಯೂಟ್ ಕಟ್ಟುವುದರಲ್ಲೂ ಮುಂದಿದ್ದರು.

ಪ್ರತಿ ಸಿಮ್ಯುಲೇಶನ್ನನ್ನೂ ವಿದ್ಯಾರ್ಥಿಗಳ ಮುಂದಿಟ್ಟು, ಅನಿಸಿದ್ದನ್ನು ಜೋರಾಗಿ ಹೇಳಿಸಿ, ತಿದ್ದುತ್ತಾರೆ. ಈ ವಿಧಾನವೇ ವೈಮನ್‌ ಅವರ ದೊಡ್ಡ ಕೊಡುಗೆ ಎಂದು ನನಗನಿಸುತ್ತದೆ. ಅದರಲ್ಲಿ ಗೊತ್ತಾದದ್ದು: 'ಇದನ್ನು ಒತ್ತಿ, ಅದನ್ನು ಬರೆಯಿರಿ' ಎಂಬ ವರ್ಕ್‌ಶೀಟ್ ಕೊಟ್ಟರೆ ಮಕ್ಕಳು ಅಷ್ಟನ್ನೇ ಮಾಡಿ ಕೈಬಿಡುತ್ತಾರೆ. ನೀವು ತರಗತಿಯಲ್ಲಿ ಬಳಸುವುದಾದರೆ ಮೊದಲ ಐದು-ಹತ್ತು ನಿಮಿಷ ಸುಮ್ಮನೆ ಆಡಲು ಬಿಡಿ, ಆಮೇಲೆ ಒಂದೇ ಪ್ರಶ್ನೆ ಕೊಡಿ: 'ಬಲ್ಬನ್ನು ಇನ್ನೂ ಜೋರಾಗಿ ಉರಿಸಲು ಎಷ್ಟು ದಾರಿಗಳಿವೆ?' ನೆಟ್ ಕೈಕೊಡುವ ಶಾಲೆಯಾದರೆ ಫೈಲನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಬ್ರೌಸರಿನಲ್ಲಿ ಆಫ್‌ಲೈನ್‌ ಓಡುತ್ತದೆ.