ಎಲ್ಲರದ್ದೂ ಆದ ಮೇಲೆ ಊಟ ಮಾಡುವ ಲಲಿತಾ: ಒಂದು ಆಪ್ತಸಲಹೆ ಪ್ರಕರಣ

ಲಲಿತಾ ಅವರಿಗೆ 44 ವರ್ಷ. ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರಿನವರು, ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಗಂಡ, ಇಬ್ಬರು ಮಕ್ಕಳು, ಅತ್ತೆ, ಮೈದುನ ಸೇರಿ ಆರು ಜನ. ಎತ್ತರ 152 ಸೆಂ.ಮೀ., ತೂಕ 72 ಕಿಲೋ, ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ) 31. ನಮ್ಮ ದೇಶದವರಿಗೆ 23 ದಾಟಿದರೇ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ರಕ್ತದಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ HbA1c ಪರೀಕ್ಷೆಯಲ್ಲಿ 6.2% ಇತ್ತು. ಅಂದರೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹತ್ತಿರದಲ್ಲಿದೆ. ಥೈರಾಯ್ಡ್ ಸರಿಯಾಗಿತ್ತು.

ನಾನು ಆಪ್ತಸಲಹೆ ಕೊಡುವ ಕ್ಲಿನಿಕ್‌ನಲ್ಲಿ ಹದಿನೈದು ದಿನಕ್ಕೊಮ್ಮೆ ಗುಂಪು ಭೇಟಿ ನಡೆಯುತ್ತದೆ. ಹತ್ತು ಹನ್ನೆರಡು ಜನ, ಒಂದೂವರೆ ಗಂಟೆ. ನರ್ಸ್ ಬಿಪಿ, ತೂಕ ನೋಡುತ್ತಾರೆ. ಆಮೇಲೆ ಎಲ್ಲರೂ ಸುತ್ತ ಕೂತಿರುವಾಗಲೇ ಡಾಕ್ಟರ್ ಒಬ್ಬೊಬ್ಬರ ರಿಪೋರ್ಟ್ ನೋಡಿ ಮಾತಾಡುತ್ತಾರೆ. ಒಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಎಲ್ಲರಿಗೂ ಸಿಗುತ್ತದೆ. ಪುದುಚೇರಿಯ ಅರವಿಂದ್ ಕಣ್ಣಿನ ಆಸ್ಪತ್ರೆಯಲ್ಲಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ರೋಗಿಗಳನ್ನು ಹೀಗೆ ಗುಂಪಾಗಿ ನೋಡಿದಾಗ, ಒಬ್ಬೊಬ್ಬರಾಗಿ ಬಂದವರಿಗಿಂತ ಗುಂಪಿನವರಿಗೆ ಕಾಯಿಲೆಯ ಬಗ್ಗೆ ಹೆಚ್ಚು ತಿಳಿದಿತ್ತು. ನಮ್ಮ ಗುಂಪಿನವರಿಗೆ ಹೋಗುವಾಗ ಒಂದು ಚೀಲವೂ ಸಿಗುತ್ತದೆ: ಸೊಪ್ಪು, ತರಕಾರಿ, ಹೆಸರುಕಾಳು, ಅಲಸಂದೆ, ರಾಗಿ. ಆರು ತಿಂಗಳು ಕೊಡುತ್ತಾರೆ.

ಲಲಿತಾ ಮೊದಲ ಭೇಟಿಗೆ ಬಂದರು, ಎರಡನೆಯದಕ್ಕೆ ಬರಲಿಲ್ಲ. ಅದಕ್ಕೇ ನನ್ನ ಹತ್ತಿರ ಕಳಿಸಿದರು.

"ಎಲ್ಲರ ಎದುರು ತೂಕದ ಮಿಷನ್ ಮೇಲೆ ನಿಲ್ಲೋಕೆ ಆಗಲ್ಲ ಮೇಡಂ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಷ್ಟೊಂದು ತಿನ್ನೋದೂ ಇಲ್ಲ ನಾನು" ಅಂದರು.

ಆ ಮಾತನ್ನು ನಾನು ನಂಬಿದೆ. ಬೆಳಿಗ್ಗೆ ತಿಂಡಿ ಇಲ್ಲ. ಹೊಲಿಗೆ ಮಧ್ಯೆ ನಾಲ್ಕು ಸಲ ಟೀ, ಪ್ರತಿ ಲೋಟಕ್ಕೂ ಎರಡು ಚಮಚ ಸಕ್ಕರೆ. ಮಧ್ಯಾಹ್ನ ಮೂರಕ್ಕೆ ಒಂದಿಷ್ಟು ಅನ್ನ ಸಾರು. ಸಂಜೆ ಮಂಡಕ್ಕಿ, ಜೊತೆಗೆ ಮಿರ್ಚಿ. ರಾತ್ರಿ ಊಟ ಎಷ್ಟೊತ್ತಿಗೆ ಅಂತ ಕೇಳಿದಾಗ ಉತ್ತರ ನಿಧಾನವಾಗಿ ಬಂತು. ಎಲ್ಲರಿಗೂ ಬಡಿಸಿ, ಒಲೆಕಟ್ಟೆ ಒರೆಸಿ, ಹತ್ತೂಕಾಲಿಗೆ ಅಡುಗೆಮನೆಯಲ್ಲೇ ನೆಲದ ಮೇಲೆ ಕೂರುತ್ತಾರೆ. ತಟ್ಟೆ ಹಾಕಿಕೊಳ್ಳುವುದಿಲ್ಲ. ಪಾತ್ರೆಯ ತಳದಲ್ಲಿ ಉಳಿದ ಅನ್ನಕ್ಕೇ ಸಾರು ಸುರಿದುಕೊಳ್ಳುತ್ತಾರೆ. ಮಗ ಬಿಟ್ಟ ಅರ್ಧ ಚಪಾತಿ, ಇದ್ದರೆ ಮೊಸರು. "ಚೆಲ್ಲೋಕೆ ಮನಸ್ಸು ಬರಲ್ಲ. ಅನ್ನ ಅಲ್ವಾ?"

ಇಡೀ ದಿನ ಅರೆಹೊಟ್ಟೆ, ರಾತ್ರಿ ಎಷ್ಟು ತಿಂದೆ ಅಂತ ಲೆಕ್ಕವಿಲ್ಲ. ತಿಂದ ಅರ್ಧ ಗಂಟೆಗೆ ನಿದ್ದೆ. ಇಂಥವರಿಗೆ "ಬಾಯಿ ಕಟ್ಟಿ" ಅಂತ ಹೇಳುವುದು ಅನ್ಯಾಯ ಅಂತ ನನಗೆ ಅನಿಸುತ್ತದೆ. ಅವರು ದಿನವಿಡೀ ಬಾಯಿ ಕಟ್ಟಿಕೊಂಡೇ ಇದ್ದಾರೆ. ಮನೆಯಲ್ಲಿ ಊಟದ ಸರದಿ ಬದಲಾಗದೆ ಅವರ ತೂಕ ಇಳಿಯುವುದು ಕಷ್ಟ.

ಚೀಲದ ಕಥೆಯೂ ಹಾಗೇ ಇತ್ತು. ಡಾಕ್ಟರು ಹೇಳಿದಂತೆ ತನಗೊಬ್ಬಳಿಗೇ ಬೇರೆ ಪಲ್ಯ ಮಾಡಲು ಹೋದರೆ ಅತ್ತೆ, "ಒಂದು ಮನೇಲಿ ಎರಡು ಅಡುಗೆ ಯಾಕೆ?" ಅಂದರಂತೆ. ಸೊಪ್ಪು ಬಾಡಿ ಹೋಯಿತು. ಅತ್ತೆಯ ಮಾತು ನನಗೆ ತಪ್ಪು ಅನಿಸಲಿಲ್ಲ. "ಹೌದು, ಎರಡು ಅಡುಗೆ ಬೇಡ. ಚೀಲದಲ್ಲಿರೋದನ್ನ ಆರೂ ಜನಕ್ಕೆ ಮಾಡಿ" ಅಂದೆ.

ಮೊದಲು ತೂಕದ ವಿಷಯ ಮುಗಿಸಿದೆವು. ನರ್ಸ್ ಹತ್ತಿರ ಮಾತಾಡಿ, ಮಿಷನ್ನು ಪಕ್ಕದ ಕೋಣೆಗೆ ಹೋಯಿತು. ಅಂಕಿ ಕಾರ್ಡಿನಲ್ಲಿ ಬರೆಯುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರ ಮುಂದೆ ಹೇಳಲಾಗದ್ದನ್ನು ಡಾಕ್ಟರಿಗೆ ಒಬ್ಬರೇ ಸಿಕ್ಕು ಹೇಳಬಹುದು ಅಂತಲೂ ತಿಳಿಸಿದೆ.

ಊಟಕ್ಕೆ ನಾನು ಕೊಟ್ಟ ಸಲಹೆ ಹೆಚ್ಚಿರಲಿಲ್ಲ. ಬೆಳಿಗ್ಗೆ ಮಕ್ಕಳ ಜೊತೆ ತಿಂಡಿ. ರಾತ್ರಿ ಎಂಟಕ್ಕೆ ಮಕ್ಕಳ ಜೊತೆ ಊಟ, ತಟ್ಟೆಯಲ್ಲೇ. ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಕಾಲು ಭಾಗ ಅನ್ನ ಅಥವಾ ಮುದ್ದೆ. ಅಕ್ಕಿ ಅಳೆಯುವಾಗ ಒಂದು ಪಾವು ಕಮ್ಮಿ. ಉಳಿದರೆ ಫ್ರಿಜ್ಜಿಗೆ, ಬೆಳಿಗ್ಗೆ ಚಿತ್ರಾನ್ನ. ಟೀ ಎರಡಕ್ಕೆ ಇಳಿಸಿ, ಸಕ್ಕರೆ ಅರ್ಧ ಚಮಚ. ಅಡುಗೆ ಎಣ್ಣೆ ತಿಂಗಳಿಗೆ ಒಬ್ಬರಿಗೆ ಅರ್ಧ ಲೀಟರ್ ಅಂದರೆ ಆ ಮನೆಗೆ ಮೂರು ಲೀಟರ್. ಅವರು ಐದು ಲೀಟರಿನ ಕ್ಯಾನ್ ತಿಂಗಳಿಗೇ ಮುಗಿಸುತ್ತಿದ್ದರು.

ರಾಗಿ ಒಳ್ಳೇದು ಅಂತ ಎರಡು ಮುದ್ದೆ ಉಣ್ಣುವವರು ಗುಂಪಿನಲ್ಲಿ ಬಹಳ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 355. ವ್ಯತ್ಯಾಸ ಅಷ್ಟೇ. ರಾಗಿಯಲ್ಲಿ ನಾರು ಜಾಸ್ತಿ, ಹೊಟ್ಟೆ ಬೇಗ ತುಂಬುತ್ತದೆ, ಅದು ನಿಜ. ಆದರೂ ಒಂದೇ ಮುದ್ದೆ ಸಾಕು.

ಎಂಟು ಗಂಟೆಯ ಊಟವೇ ಎಲ್ಲಕ್ಕಿಂತ ಕಷ್ಟವಾಯಿತು. ಗಂಡ ಅಂಗಡಿ ಮುಚ್ಚಿ ಬರುವುದು ಒಂಬತ್ತೂವರೆಗೆ. ಅವರಿಗಿಂತ ಮೊದಲು ಉಣ್ಣುವುದು ಆ ಮನೆಯ ರೂಢಿಯಲ್ಲ. ಲಲಿತಾಗೆ ಹೇಳಿ ಪ್ರಯೋಜನವಿಲ್ಲ ಅಂತ ಮುಂದಿನ ಗುಂಪು ಭೇಟಿಗೆ ಗಂಡನನ್ನೇ ಕರೆಸಿದೆವು. ಡಾಕ್ಟರು ರಿಪೋರ್ಟ್ ತೋರಿಸಿ, ಈಗಿನ ತೂಕದಲ್ಲಿ ನೂರಕ್ಕೆ ಐದು ಭಾಗ, ಅಂದರೆ ಮೂರೂವರೆ ಕಿಲೋ ಇಳಿದರೂ ಸಕ್ಕರೆ ಕಾಯಿಲೆಯ ಅಪಾಯ ಕಮ್ಮಿಯಾಗುತ್ತದೆ ಅಂತ ಹೇಳಿದರು. ಗುಂಪಿನ ಒಬ್ಬ ಹಿರಿಯರು, "ನಮ್ಮನೇಲಿ ನಾನೇ ಬಡಿಸ್ಕೊಂಡು ಉಣ್ತೀನಪ್ಪಾ, ಏನೂ ಕಷ್ಟ ಇಲ್ಲ" ಅಂದರು. ನಾನು ಎಷ್ಟು ವಿವರಿಸಿದ್ದರೂ ಆ ಒಂದು ಮಾತಿನಷ್ಟು ನಾಟುತ್ತಿರಲಿಲ್ಲ. ಗಂಡ, "ಬಿಸಿ ಮಾಡ್ಕೊಂಡು ಉಂಡ್ರಾಯ್ತು, ಬಿಡಿ" ಅಂತ ಒಪ್ಪಿದರು.

ಐದು ತಿಂಗಳಿಗೆ ತೂಕ 69 ಕಿಲೋ, ಸಕ್ಕರೆ 5.9. ನಡುವೆ ಮದುವೆ ಸೀಸನ್ನಿನಲ್ಲಿ ಒಂದು ಕಿಲೋ ಏರಿ, ಮತ್ತೆ ಇಳಿಯಿತು. ಸಂಜೆ ಮಂಡಕ್ಕಿ ಈಗಲೂ ಇದೆ, ಮಿರ್ಚಿ ವಾರಕ್ಕೊಮ್ಮೆ.

ಚೀಲ ಇನ್ನೊಂದು ತಿಂಗಳಿಗೆ ನಿಲ್ಲುತ್ತದೆ. ಗುಂಪಿನಲ್ಲಿ ಅವರ ಬೀದಿಯವರೇ ಇನ್ನಿಬ್ಬರು ಹೆಂಗಸರಿದ್ದಾರೆ. ಮೂವರೂ ಸೇರಿ ಕಾಳು ಹೋಲ್‌ಸೇಲ್ ಅಂಗಡಿಯಲ್ಲಿ, ಸೊಪ್ಪು ವಾರದ ಸಂತೆಯಲ್ಲಿ ತಂದು ಹಂಚಿಕೊಳ್ಳಿ ಅಂತ ಹೇಳಿದ್ದೇನೆ. ಅತ್ತೆಗೂ ಸೊಪ್ಪಿನ ಸಾರು ರುಚಿಸಿದೆಯಂತೆ. ಮುಂದಿನ ಭೇಟಿಗೆ ಅವರನ್ನೂ ಕರೆತಂದು ಸಕ್ಕರೆ ಪರೀಕ್ಷೆ ಮಾಡಿಸುವುದು ಅಂತ ಮಾತಾಗಿದೆ.